ನರಿಗೆ ಬಿಡುವ ಪಾಲು

ಹೊಟ್ಟೆಕಿಚ್ಚು ಅಂತೀರಾ? ಅನ್ನಿ. ನೀವು ಅನ್ನುವ ಮೊದಲು ನಾನೇ ಹೇಳಿಬಿಡುತ್ತೇನೆ. ನಿವೇದಿತಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳ ಇಂಗ್ಲಿಷು ಕಂಡರೆ ಕಿಚ್ಚು. ಮೀಟಿಂಗಿನಲ್ಲಿ ಅವಳು ಕಾಲ ಮೇಲೆ ಕಾಲು ಹಾಕಿ ಕೂರುವುದು ಕಂಡರೆ ಕಿಚ್ಚು. ಎಲ್ಲಕ್ಕಿಂತ ಹೆಚ್ಚಾಗಿ, ಅವಳು ಮಾಂಸ ತಿನ್ನುವುದು ಕಂಡರೆ ಕಿಚ್ಚು.

ನಾವಿಬ್ಬರೂ ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇವೆ. ಒಂದೇ ವಿಭಾಗ. ಗೈಡೂ ಒಬ್ಬನೇ, ಯೋರಾನ್ ಅಂತ. ಇರುವುದು ಒಂದೇ ಕಾರಿಡಾರಿನಲ್ಲಿ, ಅಡಿಗೆಮನೆಯೂ ಒಂದೇ. ಅವಳು ಬಸವನಗುಡಿಯವಳು. ನಾನು ಇಂದುಮತಿ, ಗುಂಡ್ಲುಪೇಟೆ ಕಡೆ ಕಾಡಂಚಿನ ಒಂದು ಊರಿನವಳು. ಊರು ಅಂದರೆ ಊರೊಳಗಲ್ಲ, ಊರಾಚೆಯ ಕೇರಿ.

ಬಂದ ಹೊಸದರಲ್ಲಿ ಒಂದು ದಿನ ಒಣಮೀನು ಹುರಿದೆ. ನಿವೇದಿತಾ ಬಂದು ಕಿಟಕಿ ತೆಗೆದಳು. ಬೈಯಲಿಲ್ಲ. ಅವಳು ಬೈಯುವವಳಲ್ಲ. ನಾನಿಲ್ಲದಾಗ ಮಾಡ್ಕೋತೀಯಾ ಪ್ಲೀಸ್, ನಂಗೆ ಅಭ್ಯಾಸ ಇಲ್ಲ ಅಂದಳು. ನಾನು ಹೂಂ ಅಂದೆ. ಅಂದಿನಿಂದ ಅವಳಿಲ್ಲದ ಹೊತ್ತು ನೋಡಿ ಬಾಡು ಬೇಯಿಸಿದೆ. ಆಮೇಲೆ ಸಿಂಕಿಗೆ ನಿಂಬೆಹಣ್ಣು ಉಜ್ಜಿದೆ. ಹೊರಗೆ ಹಿಮ ಸುರಿಯುತ್ತಿದ್ದರೂ ಕಿಟಕಿ ತೆಗೆದು, ಸ್ವೆಟರು ಹಾಕಿಕೊಂಡು ಉಂಡೆ.

ಆಮೇಲೆ ಅವಳಿಗೇ ಅಭ್ಯಾಸವಾಯಿತು. ಮೊದಲು ಕೋಳಿ. ಆಮೇಲೆ ಹಂದಿ. ಆಮೇಲೆ ಕ್ಯಾಂಟೀನಿನಲ್ಲಿ ಕೊಡುವ ದನದ ಮಾಂಸದ ಉಂಡೆ. ತಿಂದದ್ದನ್ನೆಲ್ಲ ಫೋಟೊ ತೆಗೆದು ಹಾಕಿದಳು, ಅಮ್ಮನಿಗೆ ಮಾತ್ರ ಕಾಣದ ಹಾಗೆ. ವಿಭಾಗದವರೆಲ್ಲ ಬಾಯಿ ಬಿಟ್ಟು ಮೆಚ್ಚಿದರು. ಎಂಥ ಧೈರ್ಯ ಅಂದರು. ಎಷ್ಟು ತೆರೆದ ಮನಸ್ಸು ಅಂದರು. ಹಲ್ಲು ಬಂದಾಗಿನಿಂದ ಬಾಡು ತಿಂದ ನನಗೆ ಒಬ್ಬರೂ ಹಾಗನ್ನಲಿಲ್ಲ. ಅವಳು ತಿಂದರೆ ಧೈರ್ಯ. ನಾನು ತಿಂದರೆ ಜಾತಿ. ಬೆಂಗಳೂರಿಗೆ ಹೋದ ದಿನ ಅವಳು ಬಾಯಿ ಮುಕ್ಕಳಿಸಿ ಒಳಗೆ ಹೋಗುತ್ತಾಳೆ. ನಾನು ಬಾವಿ ನೀರೆಲ್ಲ ತಂದು ಮುಕ್ಕಳಿಸಿದರೂ ಆ ಮನೆಗಳ ಹೊಸಿಲು ದಾಟುವುದಿಲ್ಲ.

ನವೆಂಬರಿನಲ್ಲಿ ಯೋರಾನ್ ನಮ್ಮಿಬ್ಬರನ್ನೂ ಬೇಟೆಗೆ ಕರೆದ. ಜಿಂಕೆ ಬೇಟೆ.

ಆ ದೇಶದಲ್ಲಿ ಬೇಟೆಗೆ ಯಾರೂ ಬಚ್ಚಿಟ್ಟುಕೊಂಡು ಹೋಗುವುದಿಲ್ಲ. ಆಫೀಸಿಗೆ ರಜೆ ಹಾಕಿ ಹೋಗುತ್ತಾರೆ. ಸೋಮವಾರ ಫಿಕಾಕ್ಕೆ, ಅಂದರೆ ಕಾಫಿಗೆ ಕೂತಾಗ, ಯಾರು ಏನು ಹೊಡೆದರು ಅಂತ ಮಾತಾಡುತ್ತಾರೆ. ಯೋರಾನನ ಮನೆಗೋಡೆಯ ಮೇಲೆ ಅವನ ಅಜ್ಜನ ಫೋಟೊ ಇದೆ. ಕೈಯಲ್ಲಿ ಕೋವಿ, ಕಾಲಡಿಯಲ್ಲಿ ಜಿಂಕೆ. ಮೊದಲ ಸಲ ಅದನ್ನು ನೋಡಿದಾಗ ಆ ಸತ್ತ ಮುದುಕನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಪ್ಪನದೂ ಜಿಂಕೆ ವಿಚಾರಕ್ಕೆ ತೆಗೆದ ಫೋಟೊ ಒಂದಿದೆ. ಅದಿರುವುದು ಪೊಲೀಸ್ ಸ್ಟೇಷನ್ನಿನಲ್ಲಿ.

ಅದನ್ನು ಹೇಳಿಯೇ ಮುಂದೆ ಹೋಗಬೇಕು. ನಮ್ಮೂರ ಪಟೇಲನ ಹತ್ತಿರ ಕೋವಿ ಇತ್ತು. ಬೆಳೆ ಕಾಯಲು ಅಂತ ಲೈಸೆನ್ಸು. ಕಾಯ್ದದ್ದು ಬೆಳೆಯನ್ನಲ್ಲ, ಕಾಡಂಚಿಗೆ ಬರುವ ಜಿಂಕೆಯನ್ನು. ಕೇರಿಯ ಗಂಡಸರು ಸೋವಿಗೆ ಹೋಗಬೇಕಿತ್ತು. ಸೋವು ಅಂದರೆ ಪೊದೆ ಬಡಿದು, ಕೂಗು ಹಾಕಿ, ಪ್ರಾಣಿಯನ್ನು ಕೋವಿಯ ಕಡೆಗೆ ಅಟ್ಟುವುದು. ನಮ್ಮಪ್ಪ ಸೋವಿನಲ್ಲಿ ಮುಂದೆ. ಮುಳ್ಳಿಗೆ ಮೈಯೊಡ್ಡಿ ಅಟ್ಟುತ್ತಿದ್ದ. ಜಿಂಕೆ ಬಿದ್ದರೆ ಹೊತ್ತು ತರುತ್ತಿದ್ದ. ಸುಲಿಯುತ್ತಿದ್ದ. ತೊಡೆ, ಭುಜ, ಬೆನ್ನು ಎಲ್ಲ ಪಟೇಲನ ಮನೆಗೆ. ಕೇರಿಗೆ ಕರುಳು. ಕರುಳು ತಂದು ಕೆರೆಯಲ್ಲಿ ತೊಳೆದು, ಮತ್ತೆ ತೊಳೆದು, ಖಾರ ಹಾಕಿ ಬೇಯಿಸಿದರೂ ಹುಲ್ಲಿನ ಕಹಿ ಹೋಗುತ್ತಿರಲಿಲ್ಲ. ಜಿಂಕೆ ಅಂದರೆ ಅದರ ರುಚಿಯೇ ಅದು ಅಂತ ನಾನು ತಿಳಿದಿದ್ದೆ.

ಒಂದು ಸಲ ಯಾರೋ ದೂರು ಕೊಟ್ಟರು. ಫಾರೆಸ್ಟ್ ಗಾರ್ಡುಗಳು ಬಂದರು. ತೊಡೆ ಬೇಯುತ್ತಿದ್ದ ಮನೆಗೆ ಹೋಗಲಿಲ್ಲ. ಕರುಳು ಬೇಯುತ್ತಿದ್ದ ಮನೆಗೆ ನುಗ್ಗಿದರು. ಪಾತ್ರೆ ಸಮೇತ ಅಪ್ಪನನ್ನು ಎಳೆದುಕೊಂಡು ಹೋದರು. ಪಟೇಲ ಕೋವಿ ಒಳಗಿಟ್ಟು, ಇವರು ಕಳ್ಳಬೇಟೆಯವರು, ನಾನು ಎಷ್ಟು ಹೇಳಿದರೂ ಕೇಳೋಲ್ಲ ಅಂದ. ಅಪ್ಪ ಜೈಲಿನಿಂದ ಬಂದಾಗ ಬಲಗೈ ಮೇಲಕ್ಕೆ ಏಳುತ್ತಿರಲಿಲ್ಲ. ಇವತ್ತಿಗೂ ಎಡಗೈಯಲ್ಲೇ ಅಂಗಿ ಗುಂಡಿ ಹಾಕಿಕೊಳ್ಳುತ್ತಾನೆ.

ಇದನ್ನು ನಾನು ಆ ದೇಶದಲ್ಲಿ ಒಬ್ಬರಿಗೆ ಮಾತ್ರ ಹೇಳಿದ್ದೆ. ನಿವೇದಿತಾಳಿಗೆ. ಮೊದಲ ಚಳಿಗಾಲ. ಕತ್ತಲೆ, ಮನೆ ನೆನಪು, ಕನ್ನಡ ಆಡುವ ಬಾಯಿ ಅದೊಂದೇ. ಕೆರೆಯಂಚಿನ ಬೆಂಚಿನ ಮೇಲೆ ಕೂತು ಹೇಳಿದೆ. ಅವಳು ಅತ್ತಳು, ತಬ್ಬಿಕೊಂಡಳು. ಸಾರಿ ಕಣೇ ಅಂದಳು. ಆವತ್ತು ನನ್ನ ಮನಸ್ಸು ಹಗುರವಾಗಿತ್ತು, ಸುಳ್ಳು ಹೇಳುವುದಿಲ್ಲ.

ಬೇಟೆಯ ದಿನ ಬೆಳಿಗ್ಗೆ ಕಾಡಿನ ನಡುವೆ ಒಂದು ಕೆಂಪು ಮರದ ಮನೆ ಮುಂದೆ ಸೇರಿದೆವು. ಕಾಫಿ, ಏಲಕ್ಕಿ ಬನ್ನು. ಒಬ್ಬೊಬ್ಬರೂ ಕೈಕುಲುಕಿ ಹೆಸರು ಹೇಳಿದರು. ತಂಡದ ಹಿರಿಯ ಲೆನ್ನಾರ್ಟ್, ಕೆಲಸ ಬಿಟ್ಟ ಬಡಗಿ, ಇಂಗ್ಲಿಷು ಬಾರದವನು. ಅವನು ಸ್ವೀಡಿಷಿನಲ್ಲಿ ನಿಯಮ ಹೇಳಿದ. ಕೋವಿಯವರು ಕಾಡಿನ ಆ ಅಂಚಿನಲ್ಲಿ ಕೂರಬೇಕು. ಉಳಿದವರು ಸಾಲಾಗಿ ನಡೆದು ಅಟ್ಟಬೇಕು. ಕೊನೆಗೆ ಅಂದ: ಹೊಡೆದವರಿಗೂ ನಡೆದವರಿಗೂ ಒಂದೇ ಸಮ ಪಾಲು, ಇವತ್ತೇ.

ನನಗೆ ತರಗತಿಯಲ್ಲಿ ಕಲಿತ ಸ್ವೀಡಿಷು ಅಷ್ಟಿಷ್ಟು ಬರುತ್ತದೆ. ಆದರೂ ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ ಪಕ್ಕದವರನ್ನು ಕೇಳಿದೆ. ಹೌದು, ಒಂದೇ ಸಮ ಅಂದರು. ಅಲ್ಲಿಂದಾಚೆ ನನಗೆ ಬೇರೆ ಮಾತು ಕಿವಿಗೆ ಬೀಳಲಿಲ್ಲ. ನಡೆದವರಿಗೂ ಪಾಲು. ನನ್ನ ಹೆಸರಲ್ಲಿ ಒಂದು ಪಾಲು. ಅದರಲ್ಲಿ ತೊಡೆ. ನಮ್ಮಪ್ಪನ ಜನ್ಮವೆಲ್ಲ ಸೋವಿನಲ್ಲಿ ಕಳೆಯಿತು, ಅವನ ನಾಲಗೆ ತೊಡೆ ಕಾಣಲಿಲ್ಲ. ನನಗೆ ಅದು ಬೇಕು ಅನ್ನಿಸಿತು. ಬಸುರಿಗೆ ಹುಣಸೆಹಣ್ಣು ಬೇಕೆನ್ನಿಸುತ್ತದಲ್ಲ, ಹಾಗೆ.

ಯೋರಾನ್ ನನಗೆ ಕಿತ್ತಳೆ ಬಣ್ಣದ ಅಂಗಿ ಕೊಡುತ್ತಾ, ನಿನಗೆ ಇದೆಲ್ಲ ಮನೆತನದಿಂದಲೇ ಬಂದಿದೆಯಂತಲ್ಲ ಅಂದ. ನಕ್ಕು ಹೇಳಿದ, ಗೌರವದಿಂದಲೇ ಹೇಳಿದ. ನಾನು ನಿವೇದಿತಾಳ ಕಡೆ ನೋಡಿದೆ. ಅವಳು ಲೋಟದೊಳಗೆ ನೋಡುತ್ತಿದ್ದಳು.

ನಡೆಯಲು ಅವಳು ಬರಲಿಲ್ಲ. ಹೊಸ ಬೂಟು ಕಚ್ಚುತ್ತದೆ ಅಂದಳು. ಯೋರಾನ್ ಅವಳನ್ನು ತನ್ನ ಜೊತೆ ಕೋವಿಯ ಜಾಗಕ್ಕೆ ಕರೆದುಕೊಂಡು ಹೋದ. ಅವಳಿಗೊಂದು ಮಡಿಸುವ ಸ್ಟೂಲು. ಒಂದು ಫ್ಲಾಸ್ಕು. ಕೂರಲು ಕುರಿತುಪ್ಪಳದ ಚೂರು. ಅಲ್ಲ, ಕೂರುವ ಜಾಗ ಇವಳನ್ನೇ ಹುಡುಕಿಕೊಂಡು ಹೇಗೆ ಬರುತ್ತದೆ? ಸಮುದ್ರ ದಾಟಿ ಬಂದರೂ ಕೋವಿಯ ಪಕ್ಕ ಅವಳು, ಪೊದೆಯೊಳಗೆ ನಾನು. ಬೂಟು ನನಗೂ ಕಚ್ಚುತ್ತಿತ್ತು. ಎರವಲು ಬೂಟು, ನನ್ನ ಕಾಲಿಗಿಂತ ದೊಡ್ಡದು.

ನಡೆದೆವು. ಒದ್ದೆ ಮರಗಳು. ಕೊಂಬೆ ಮುಖಕ್ಕೆ ಬಡಿಯುತ್ತದೆ, ಬಡಿದ ಮೇಲೆ ಕತ್ತಿನೊಳಗೆ ನೀರು ಸುರಿಯುತ್ತದೆ. ಪಾಚಿ ಮುಚ್ಚಿದ ಬಂಡೆಗಳು. ಜೌಗಿನಲ್ಲಿ ಕಾಲಿಟ್ಟರೆ ಮೊಣಕಾಲ ತನಕ ಹೋಯಿತು. ಬೂಟಿನೊಳಗೆ ಐಸಿನಂಥ ನೀರು ತುಂಬಿತು. ಕಾಲು ಕಿತ್ತರೆ ಬೂಟು ಉಳಿಯಿತು. ಕೈ ಹಾಕಿ ಬೂಟು ಎಳೆದು, ಮತ್ತೆ ಹಾಕಿಕೊಂಡು ನಡೆದೆ. ಕೋಲಿನಿಂದ ಮರ ಬಡಿದೆ. ಕೂಗು ಅಂದಿದ್ದರು. ಏನಂತ ಕೂಗಲಿ? ಬಾಯಿಗೆ ಬಂದದ್ದು ಕೂಗಿದೆ. ಹೋಯ್, ಏಳಲೇ, ನಡಿಯಲೇ, ಹೋಯ್. ಅಪ್ಪನ ಕೂಗು. ಇಷ್ಟು ವರ್ಷ ಅದು ನನ್ನ ಗಂಟಲಲ್ಲೇ ಇತ್ತು. ಆ ಕಾಡಿನಲ್ಲಿ ಯಾರಪ್ಪನ ಭಯವೂ ಇಲ್ಲದೆ ಕೂಗಿದೆ. ಬಿಕ್ಕು ಬಂತು. ಬಿಕ್ಕುತ್ತಲೇ ಕೂಗಿದೆ.

ಗುಂಡು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬೇರೆ ಕಡೆಯಿಂದ ಇನ್ನೊಂದು. ಬಿದ್ದದ್ದು ಎರಡು ಜಿಂಕೆ. ಒಂದು ಯೋರಾನ್ ಹೊಡೆದದ್ದು. ನಾವು ಹೋಗುವಷ್ಟರಲ್ಲಿ ಅವನು ಮರದ ಒಂದು ಎಳೆ ಕೊಂಬೆ ಮುರಿದು ನಿವೇದಿತಾಳ ಟೋಪಿಗೆ ಸಿಕ್ಕಿಸುತ್ತಿದ್ದ. ಹೊಡೆದವರ ಟೋಪಿಗೆ ಸಿಕ್ಕಿಸುವುದು ಅಲ್ಲಿನ ಪದ್ಧತಿ. ಅವಳು ಪಕ್ಕದಲ್ಲಿ ಕೂತದ್ದಕ್ಕೆ ಅದೃಷ್ಟ ಬಂತು, ಇದು ಅವಳದೇ ಅಂದ. ಕೂತದ್ದಕ್ಕೆ. ನನ್ನ ತಲೆಯಲ್ಲೂ ಕೊಂಬೆ ಇತ್ತು, ಕೂದಲಿಗೆ ಸಿಕ್ಕಿಕೊಂಡದ್ದು. ಅದನ್ನು ಕಿತ್ತು ಎಸೆದೆ.

ಲೆನ್ನಾರ್ಟ್ ಹೊಟ್ಟೆ ಸೀಳಿದ. ಬಿಸಿ ಹಬೆ ಎದ್ದಿತು. ಕರುಳನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ, ಕಾಡಿನಲ್ಲೇ ನರಿಗೆ ಬಿಟ್ಟುಬಿಡುತ್ತಾರೆ. ಒಂದು ಜಿಂಕೆಯದನ್ನು ಬಿಟ್ಟರು. ಇನ್ನೊಂದರದನ್ನು ಯೋರಾನ್ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿಸಿ ಮುಚ್ಚಳ ಮುಚ್ಚಿದ. ಏನೋ ಪರೀಕ್ಷೆಗಿರಬೇಕು ಅಂದುಕೊಂಡೆ. ಜಿಂಕೆಗಳಿಗೆ ಹಗ್ಗ ಕಟ್ಟಿ ನಡೆದವರೇ ಎಳೆದೆವು. ಹಗ್ಗ ಅಂಗೈ ಕೊಯ್ಯಿತು. ಆದರೂ ಎಳೆಯುವುದು ಸುಖವಾಗಿತ್ತು. ಇದರಲ್ಲಿ ನನ್ನದೂ ಇದೆ ಅನ್ನುವ ಭಾರ ಅದು.

ಮನೆ ಮುಂದೆ ಬೆಂಕಿ ಹಾಕಿ ಅಗಲವಾದ ಕಬ್ಬಿಣದ ಬಾಣಲೆ ಇಟ್ಟರು. ಹೃದಯ, ಬೆನ್ನಿನ ಒಳಗಿನ ಮೆತ್ತನೆಯ ಮಾಂಸ, ತೆಳ್ಳಗೆ ಹೆಚ್ಚಿ ಬೆಣ್ಣೆಗೆ ಹಾಕಿದರು. ಉಪ್ಪು, ಅಷ್ಟೇ. ಖಾರ ಇಲ್ಲ, ಬೆಳ್ಳುಳ್ಳಿ ಇಲ್ಲ. ಇದೇನು ಸಪ್ಪೆ ಅಂದುಕೊಂಡು ಬಾಯಿಗಿಟ್ಟೆ. ಅಯ್ಯೋ, ಎಂಥ ರುಚಿ ಅಂತೀರಿ. ಕಹಿ ಇಲ್ಲವೇ ಇಲ್ಲ. ಹಲ್ಲಿಗೆ ಕೆಲಸವೇ ಇಲ್ಲ. ಈಗಷ್ಟೇ ಓಡುತ್ತಿದ್ದದ್ದರ ಬಿಸಿ ಇನ್ನೂ ಅದರಲ್ಲಿತ್ತು. ಓಹೋ, ಪಟೇಲ ತಿನ್ನುತ್ತಿದ್ದದ್ದು ಇದು. ನಾವು ತೊಳೆದು ತೊಳೆದು ತಿಂದದ್ದು ಜಿಂಕೆಯಲ್ಲ, ಅದರ ಹೊಟ್ಟೆಯೊಳಗಿನ ಹುಲ್ಲು. ಸಿಟ್ಟಿನಲ್ಲಿ ಇನ್ನೊಂದು ತುಂಡು ತೆಗೆದುಕೊಂಡೆ.

ಅಷ್ಟರಲ್ಲಿ ಎಲ್ಲರೂ ನಿವೇದಿತಾಳ ಸುತ್ತ ಸೇರಿದ್ದರು. ಅವಳು ಕೊಂಬೆ ಸಿಕ್ಕಿಸಿದ ಟೋಪಿಯಲ್ಲಿ ನಿಂತು, ಫೋರ್ಕಿನ ತುದಿಯಲ್ಲಿ ಒಂದು ತುಂಡು ಹಿಡಿದು, ನಮ್ಮ ವಂಶದಲ್ಲಿ ಜಿಂಕೆ ತಿನ್ನುತ್ತಿರುವ ಮೊದಲನೆಯವಳು ನಾನು ಅಂದಳು. ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡಳು. ಅಗಿದಳು. ಕಣ್ಣು ತೆರೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋನುಗಳು ಮೇಲೆದ್ದವು. ನಾನು ಬಾಯಿತುಂಬ ಮಾಂಸ ಇಟ್ಟುಕೊಂಡು, ಒದ್ದೆ ಕಾಲ್ಚೀಲದಲ್ಲಿ ನಿಂತಿದ್ದೆ. ನಮ್ಮ ವಂಶದಲ್ಲಿ ಈ ತುಂಡು ತಿನ್ನುತ್ತಿರುವ ಮೊದಲನೆಯವಳು ನಾನೂ ಹೌದು ಅಂತ ಯಾರಿಗೆ ಹೇಳಲಿ? ಹೊಟ್ಟೆಯೊಳಗೆ ಬೆಂಕಿ ಬಿತ್ತು. ಆ ಚಪ್ಪಾಳೆ ನನಗೆ ಬೇಕಿತ್ತು. ಹೌದು, ಬೇಕಿತ್ತು.

ಚಪ್ಪಾಳೆ ಸಿಕ್ಕಿತು. ಆಮೇಲೆ ಸಿಕ್ಕಿತು.

ಯೋರಾನ್ ಲೋಟಕ್ಕೆ ಚಮಚೆ ಬಡಿದು ಎಲ್ಲರನ್ನೂ ಸುಮ್ಮನಿರಿಸಿದ. ನನ್ನನ್ನು ಮುಂದೆ ಕರೆದ. ಇಂದುಮತಿಯ ಜನ ತಲತಲಾಂತರದಿಂದ ಕಾಡಿನಲ್ಲಿ ಪ್ರಾಣಿ ಅಟ್ಟುವವರು ಅಂದ. ಅವರಲ್ಲಿ ಒಂದು ಸುಂದರ ಸಂಪ್ರದಾಯವಿದೆ, ಅಟ್ಟಿದವರಿಗೆ ಸಲ್ಲುವುದು ಕರುಳು, ಅದನ್ನು ಅವರು ಹಬ್ಬದಡಿಗೆ ಮಾಡುತ್ತಾರೆ, ನಾವು ವ್ಯರ್ಥ ಮಾಡುವುದನ್ನು ಅವರು ಗೌರವಿಸುತ್ತಾರೆ, ನಾವು ಅವರಿಂದ ಕಲಿಯಬೇಕು ಅಂದ. ಅಂದು, ಬಕೆಟ್ಟು ತಂದು ನನ್ನ ಕೈಗೆ ಕೊಟ್ಟ. ಮುಚ್ಚಳ ತೆಗೆದ. ನೀಲಿಗಟ್ಟಿದ ಕರುಳು, ಹಸಿರು ರಸ, ಸಗಣಿ ವಾಸನೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಕೈ ತಾನಾಗಿ ಚಾಚಿತ್ತು. ಬಾಯಿ ತಾನಾಗಿ ಥ್ಯಾಂಕ್ಸ್ ಅಂದಿತ್ತು. ಅದೇ ನನಗೆ ಹೇಸಿಗೆ. ಕೊಟ್ಟದ್ದನ್ನು ತೆಗೆದುಕೊಳ್ಳುವುದು ಈ ಕೈಗಳಿಗೆ ಯಾರೂ ಕಲಿಸದೆ ಬಂದುಬಿಟ್ಟಿದೆ.

ಬಕೆಟ್ಟು ಹಿಡಿದುಕೊಂಡೇ ನಿವೇದಿತಾಳ ಹತ್ತಿರ ಹೋದೆ. ಅವಳ ಮುಖ ಉಡುಗೊರೆ ಕೊಟ್ಟವರ ಮುಖದಂತೆ ಅರಳಿತ್ತು.

"ಇದನ್ನ ಯಾರು ಹೇಳಿದ್ದು ಇವ್ರಿಗೆ?" ಅಂದೆ.

"ನಾನೇ ಕಣೇ. ಸರ್ಪ್ರೈಸ್ ಅಂತ. ಇವ್ರು ಸುಮ್ನೆ ಕಾಡಲ್ಲಿ ಬಿಸಾಕ್ತಾರಂತೆ, ವೇಸ್ಟು. ನಿಮ್ಮಪ್ಪಂಗೆ ಇದನ್ನೇ ಕೊಡ್ತಿದ್ರು ಅಂದಿದ್ಯಲ್ಲ?"

"ಅದನ್ನ ನಾನು ಯಾವ ಸಂಕಟದಲ್ಲಿ ಹೇಳಿದ್ದೆ, ನೆನಪಿದ್ಯಾ?"

"ಇದೆ ಕಣೇ. ಆದ್ರೆ ಹಂಗೇ ಹೇಳಿದ್ರೆ ನಿಂಗೇ ಅವಮಾನ ಅಲ್ವಾ? ಜೈಲು, ಪೊಲೀಸು ಎಲ್ಲ. ಅದಕ್ಕೆ ಸ್ವಲ್ಪ ಪಾಸಿಟಿವ್ ಆಗಿ ಹೇಳ್ದೆ. ನಿಮ್ಮ ಟ್ರೆಡಿಷನ್ ಅಂತ."

ಅಪ್ಪನ ಮುರಿದ ಕೈ ಇವಳ ಬಾಯಲ್ಲಿ ಸಂಪ್ರದಾಯವಾಗಿತ್ತು. ಅವಳು ಅಳುತ್ತಾ ಕೇಳಿಸಿಕೊಂಡದ್ದು ಇದಕ್ಕೆ. ನನ್ನ ನೋವನ್ನೂ ನನಗಿಂತ ಚೆನ್ನಾಗಿ ಹೇಳುವವಳು ಅವಳೇ. ಅದಕ್ಕೂ ಚಪ್ಪಾಳೆ ತಟ್ಟಿಸಿಕೊಳ್ಳುವವಳು ಅವಳೇ. ಆಮೇಲೆ ಕೇಳಿದೆ, ನನ್ನ ಪಾಲು ಏನಾಯಿತು ಅಂತ. ಅದು ನಿನಗೆ ಬೇಡ ಅಂದಿದ್ದೀನಿ, ಒಬ್ಬಳಿಗೇ ಎರಡೆರಡು ಹೇಗೆ ಕೇಳುವುದು ಅಂದಳು. ನನಗೆ ಬರುವುದರಲ್ಲಿ ಒಂದು ತುಂಡು ನಿನಗೆ ಕೊಡುತ್ತೀನಿ ಬಿಡು ಅಂದಳು. ಪ್ರೀತಿಯಿಂದಲೇ ಅಂದಳು. ಅವಳು ಯಾವಾಗಲೂ ಪ್ರೀತಿಯಿಂದಲೇ ಅನ್ನುತ್ತಾಳೆ.

ಕೆಲವು ತಂಡದವರು ಮಾಂಸವನ್ನು ದಿನಗಟ್ಟಲೆ ತೂಗುಹಾಕಿ ಆಮೇಲೆ ಹಂಚುತ್ತಾರಂತೆ. ಲೆನ್ನಾರ್ಟನದು ಹಳೆಯ ಪದ್ಧತಿ, ಬೇಟೆಯ ದಿನವೇ ಹಂಚಿಕೆ. ಕೊಟ್ಟಿಗೆಯಂಥ ಕೋಣೆಯಲ್ಲಿ ಉದ್ದ ಮೇಜಿನ ಮೇಲೆ ಗುಡ್ಡೆ ಹಾಕಿದ್ದ. ಪ್ರತಿ ಗುಡ್ಡೆಯಲ್ಲೂ ತೊಡೆಯದೊಂದು ಭಾಗ, ಭುಜದ್ದೊಂದು ಭಾಗ, ಪಕ್ಕೆಲುಬು. ನಮ್ಮ ಕೇರಿಯಲ್ಲಿ ಹಬ್ಬಕ್ಕೆ ಕುರಿ ಕಡಿದು ಹಾಕುವ ಗುಡ್ಡೆ ಬಾಡಿನ ಹಾಗೇ ಇತ್ತು. ಒಬ್ಬರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಲೆನ್ನಾರ್ಟ್ ಒಂದು ಗುಡ್ಡೆಗೆ ಚಾಕು ತೋರಿಸಿ, ಇದು ಯಾರಿಗೆ ಅಂತ ಕೇಳುತ್ತಾನೆ. ನಿಂತವರು ನೋಡದೆ ಒಂದು ಹೆಸರು ಹೇಳಬೇಕು. ಹೇಳಿದ ಹೆಸರಿಗೆ ಆ ಗುಡ್ಡೆ. ಆಮೇಲೆ ದೇವರು ಬಂದರೂ ಬದಲಿಲ್ಲ. ದೊಡ್ಡದು ಚಿಕ್ಕದು ಅಂತ ಯಾರೂ ಜಗಳ ಆಡದ ಹಾಗೆ ಈ ಪದ್ಧತಿ.

ಯಾರು ನಿಲ್ಲುತ್ತೀರಿ ಅಂತ ಕೇಳಿದ. ಯೋರಾನ್ ನನ್ನನ್ನು ತೋರಿಸಿದ. ಇವಳಿಗೆ ಗುಡ್ಡೆಯಲ್ಲಿ ಪಾಲಿಲ್ಲ, ಆದ್ದರಿಂದ ಪಕ್ಷಪಾತವೂ ಇಲ್ಲ ಅಂದ. ಎಲ್ಲರಿಗೂ ಅದು ಸರಿ ಕಂಡಿತು. ನ್ಯಾಯವಾಗಿಯೂ ಕಂಡಿತು. ಬಕೆಟ್ಟನ್ನು ಬಾಗಿಲ ಹತ್ತಿರ ನೆಲಕ್ಕಿಟ್ಟು ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

ಮರದ ಹಲಗೆಯ ಗೋಡೆ. ಮೂಗಿಗೆ ತಾಗುವಷ್ಟು ಹತ್ತಿರ. ಕೈಯಿಂದ ಕರುಳಿನ ವಾಸನೆ ಏಳುತ್ತಿತ್ತು. ಬೆನ್ನ ಹಿಂದೆ ಅವರ ಉಸಿರು, ನಗು, ಬೂಟಿನ ಸದ್ದು. ಇದು ಯಾರಿಗೆ ಅಂತ ಲೆನ್ನಾರ್ಟ್ ಕೇಳಿದ. ಬೆಳಿಗ್ಗೆ ಕೈಕುಲುಕಿದ ಹೆಸರುಗಳಲ್ಲಿ ಒಂದು ಹೇಳಿದೆ. ಒಬ್ಬರು ಖುಷಿಯಿಂದ ಮುಂದೆ ಬಂದು ತೆಗೆದುಕೊಂಡ ಸದ್ದು ಕೇಳಿಸಿತು. ಮತ್ತೆ ಕೇಳಿದ. ಮತ್ತೊಂದು ಹೆಸರು ಹೇಳಿದೆ. ನನ್ನ ಬಾಯಿಂದಲೇ ಹೊರಗೆ ಹೋಗುತ್ತಿತ್ತು, ಒಂದೊಂದು ತೊಡೆಯೂ. ಊರಲ್ಲಾದರೂ ಪಟೇಲನೇ ಹಂಚಿಕೊಳ್ಳುತ್ತಿದ್ದ. ಇಲ್ಲಿ ಎಲ್ಲರಿಗೂ ಹಂಚುವುದಕ್ಕೆ ನನ್ನ ನಾಲಗೆಯನ್ನೇ ಕರೆದಿದ್ದರು.

"ಇದು ಯಾರಿಗೆ?" ಅಂದ ಲೆನ್ನಾರ್ಟ್.

"ಇಂದುಮತಿಗೆ" ಅಂದೆ.

ನಾನು ಹೆಸರು ತಪ್ಪಿದೆ ಅಂದುಕೊಂಡಿರಬೇಕು, ಅವನು ಮತ್ತೊಮ್ಮೆ ಕೇಳಿದ. ಇಂದುಮತಿಗೆ ಅಂತ ಮತ್ತೊಮ್ಮೆ ಹೇಳಿದೆ. ಯೋರಾನ್ ಸಣ್ಣಗೆ ನಕ್ಕ. ನಿನಗೆ ನಿನ್ನ ವಿಶೇಷದ್ದು ಸಿಕ್ಕಿದೆಯಲ್ಲ, ಗುಡ್ಡೆಗಳು ಉಳಿದವರ ಲೆಕ್ಕಕ್ಕೆ ಸರಿಯಾಗಿವೆ ಅಂತ ಇಂಗ್ಲಿಷಿನಲ್ಲಿ ಹೇಳಿದ. ಅವನು ನನ್ನ ಗೈಡು. ನನ್ನ ಪ್ರಬಂಧ, ನನ್ನ ವೀಸಾ, ನನ್ನ ಅನ್ನ ಅವನ ಸಹಿಯಲ್ಲಿದೆ. ಹಿಂದೆ ನಿವೇದಿತಾ ಕನ್ನಡದಲ್ಲಿ ಪಿಸುಗುಟ್ಟಿದಳು, ಇಂದೂ, ಸೀನ್ ಮಾಡಬೇಡ ಪ್ಲೀಸ್.

ನಾನು ತಿರುಗಲಿಲ್ಲ. ಹಲಗೆಯ ಗಂಟು ನೋಡುತ್ತಾ, ಸ್ವೀಡಿಷಿನಲ್ಲೇ, ನನಗೆ ಬರುವಷ್ಟರಲ್ಲೇ ಹೇಳಿದೆ.

"ಲೆನ್ನಾರ್ಟ್, ನಾನು ನಡೆದೆ. ಜೌಗಿನಲ್ಲಿ ನಡೆದೆ. ಕೂಗಿದೆ. ಹಗ್ಗ ಎಳೆದೆ. ನಡೆದವರಿಗೆ ಪಾಲು ಇದೆಯೋ ಇಲ್ಲವೋ?"

"ಇದೆ" ಅಂದ ಲೆನ್ನಾರ್ಟ್.

"ಕರುಳು ನಮ್ಮ ಸಂಪ್ರದಾಯ ಅಲ್ಲ. ಬೇರೇನೂ ಕೊಡಲಿಲ್ಲ, ಅದಕ್ಕೆ ತಿಂದೆವು. ಅದನ್ನು ತಿಂದದ್ದಕ್ಕೆ ನಮ್ಮಪ್ಪನ ಕೈ ಮುರಿದರು. ಈ ಗುಡ್ಡೆ ಇಂದುಮತಿಗೆ."

ಯಾರೋ ಕೆಮ್ಮಿದರು. ಯೋರಾನ್ ಏನೋ ಹೇಳಲು ಹೊರಟ. ಲೆನ್ನಾರ್ಟ್ ಅವನನ್ನು ತಡೆದ. ಕರೆದದ್ದು ಕರೆದದ್ದೇ ಅಂದ. ನನ್ನ ಕಡೆಗೆ ಕನಿಕರವನ್ನೇನೂ ತೋರಿಸಲಿಲ್ಲ. ಮುಂದಿನ ಗುಡ್ಡೆಗೆ ಚಾಕು ತೋರಿಸಿ, ಇದು ಯಾರಿಗೆ ಅಂದ.

ಉಳಿದ ಹೆಸರುಗಳನ್ನು ಒಂದೊಂದಾಗಿ ಕರೆದೆ. ಲೆನ್ನಾರ್ಟನ ಹೆಸರನ್ನೂ ಕರೆದೆ. ಕೊನೆಗೆ ಒಂದು ಗುಡ್ಡೆ ಇತ್ತು, ಹೆಸರು ಎರಡು ಇದ್ದವು. ಯೋರಾನನದು, ನಿವೇದಿತಾಳದು. ಅವಳ ಹೆಸರು ನನ್ನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಅದರ ರುಚಿ ನೋಡಿದೆ. ಆಮೇಲೆ ಯೋರಾನನ ಹೆಸರು ಹೇಳಿ ತಿರುಗಿದೆ.

ನಿವೇದಿತಾ ಖಾಲಿ ಮೇಜು ನೋಡುತ್ತಿದ್ದಳು. ಕೋವಿಯೂ ಹಿಡಿಯದೆ, ನಡೆಯದೆ ಸುಮ್ಮನೆ ಕೂತವಳು ಅವಳೊಬ್ಬಳೇ, ಗುಡ್ಡೆ ಸಿಗದವಳೂ ಅವಳೊಬ್ಬಳೇ. ಕಣ್ಣು ತುಂಬಿ ಬಂತು. ತುಂಬಿದ್ದೇ ತಡ, ಯೋರಾನ್ ತನ್ನ ಗುಡ್ಡೆಯಲ್ಲಿ ಅರ್ಧ ತೆಗೆದು ಅವಳ ಚೀಲಕ್ಕೆ ಹಾಕಿದ. ಇನ್ನೊಬ್ಬಳು ಹೆಂಗಸು ಅವಳ ಹೆಗಲು ಬಳಸಿದಳು. ನೋಡಿದಿರಾ? ಅವಳು ಬಾಯಿ ಬಿಟ್ಟು ಕೇಳಬೇಕಾಗಿಯೂ ಇಲ್ಲ. ನಾನು ಗೋಡೆಗೆ ಮುಖ ಕೊಟ್ಟು, ಅಪ್ಪನ ಕೈ ಇನ್ನೊಮ್ಮೆ ಮುರಿಸಿ ತೆಗೆದುಕೊಂಡದ್ದನ್ನು ಅವಳು ಎರಡು ಹನಿ ಕಣ್ಣೀರಿನಲ್ಲಿ ತೆಗೆದುಕೊಂಡಳು. ನನ್ನ ಹೊಟ್ಟೆಕಿಚ್ಚು ಆರಿತು ಅಂದುಕೊಂಡಿದ್ದರೆ ನಿಮ್ಮ ಭ್ರಮೆ.

ಅವಳು ಹತ್ತಿರ ಬಂದಳು. ಮೂಗು ಒರೆಸಿಕೊಂಡಳು.

"ನೀನ್ ಒಂದ್ ಮಾತು ಕೇಳಿದ್ರೆ ನಾನೇ ನನ್ ಪಾಲು ಪೂರ್ತಿ ಕೊಡ್ತಿದ್ದೆ ಕಣೇ. ಹಿಂಗ್ ಮಾಡೋ ಅಗತ್ಯ ಇತ್ತಾ?"

"ಕೇಳಿಸ್ಕೊಂಡು ಕೊಡೋದನ್ನ ಪಾಲು ಅನ್ನಲ್ಲ, ನಿವೇದಿತಾ" ಅಂದೆ.

ನನ್ನ ಗುಡ್ಡೆಯನ್ನು ಚೀಲಕ್ಕೆ ತುಂಬಿಕೊಂಡೆ. ಭಾರವಾಗಿತ್ತು. ಹೊರಗೆ ಬಂದು ಬೆಂಕಿಯ ಪಕ್ಕ ಒಂದು ಮರದ ದಿಮ್ಮಿಯ ಮೇಲೆ ಕೂತೆ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬೇರೆಯವರೂ ಬಂದು ಕೂತರು. ಯೋರಾನ್ ನನ್ನ ಮುಖ ನೋಡದೆ, ಸೋಮವಾರ ಮಾತಾಡೋಣ ಅಂದ. ಮಾತಾಡೋಣ ಅಂದೆ.

ಬಕೆಟ್ಟು ಕೋಣೆಯ ಬಾಗಿಲಲ್ಲೇ ಇತ್ತು. ಮುಚ್ಚಳ ಇರಲಿಲ್ಲ. ವಾಸನೆ ಬೆಂಕಿಯ ತನಕ ಬರುತ್ತಿತ್ತು. ಅದನ್ನು ಯಾರಾದರೂ ಕಾಡಿನಂಚಿಗೆ ಚೆಲ್ಲಿ ಬರಬೇಕು ಅಂದ ಯೋರಾನ್. ಯಾರ ಹೆಸರೂ ಹೇಳಲಿಲ್ಲ. ಒಬ್ಬ ಬೂಟಿನ ದಾರ ಕಟ್ಟಿಕೊಂಡ. ಒಬ್ಬಳು ಲೋಟಗಳನ್ನು ಜೋಡಿಸಿದಳು. ನಿವೇದಿತಾ ನನ್ನ ಕಡೆ ನೋಡಿದಳು. ಬೇಕೆಂದು ನೋಡಿದ್ದಲ್ಲ. ಅವಳಿಗೆ ಗೊತ್ತೇ ಇಲ್ಲ, ಅವಳ ಕಣ್ಣು ಅಭ್ಯಾಸದಿಂದ ಈ ಕಡೆ ತಿರುಗಿತು. ಇಂಥದ್ದು ಬಿದ್ದಿದ್ದರೆ ಯಾರು ಎತ್ತುತ್ತಾರೆ ಅಂತ ಆ ಕಣ್ಣಿಗೆ ಹುಟ್ಟಿದಾಗಿನಿಂದ ಗೊತ್ತು. ಅವಳನ್ನು ನೋಡಿ ಯೋರಾನನೂ ನನ್ನ ಕಡೆ ನೋಡಿದ.

ನನ್ನ ಮಂಡಿ ಏಳಲು ಹೊರಟಿತು. ಸತ್ಯವಾಗಿ ಹೇಳುತ್ತೇನೆ, ಹೊರಟಿತು. ಚೀಲದ ಭಾರ ಅದನ್ನು ಅದುಮಿ ಹಿಡಿಯಿತು.

ಬಾಣಲೆಯ ಅಂಚಿನಲ್ಲಿ ಒಂದು ತುಂಡು ಉಳಿದಿತ್ತು. ಕೈಚಾಚಿ ತೆಗೆದು ಬಾಯಿಗಿಟ್ಟುಕೊಂಡೆ. ನಿಧಾನವಾಗಿ ಅಗಿದೆ. ಅವರಿಬ್ಬರ ಮುಖವನ್ನೂ ನೋಡುತ್ತಲೇ ಅಗಿದೆ. ಬೆಂಕಿ ಚಟಪಟ ಅನ್ನುತ್ತಿತ್ತು. ಲೆನ್ನಾರ್ಟ್ ಪೈಪಿಗೆ ತಂಬಾಕು ತುಂಬುತ್ತಾ ನಿವೇದಿತಾಳನ್ನು ನೋಡಿ, ನೀನು ಇವತ್ತು ನಡೆದಿಲ್ಲವಲ್ಲ ಅಂದ. ಅಷ್ಟು ಸ್ವೀಡಿಷು ಅವಳಿಗೂ ಬರುತ್ತದೆ.

ನಿವೇದಿತಾ ಎದ್ದಳು. ಒಂದು ಕೈಯಲ್ಲಿ ಮೂಗು ಮುಚ್ಚಿ ಇನ್ನೊಂದು ಕೈಯಲ್ಲಿ ಎತ್ತಲು ನೋಡಿದಳು. ಆಗಲಿಲ್ಲ. ಮೂಗು ಬಿಟ್ಟು ಎರಡೂ ಕೈಯಲ್ಲಿ ಹಿಡಿದಳು. ಹಸಿರು ರಸ ತುಳುಕಿ ಹೊಸ ಬೂಟಿನ ಮೇಲೆ ಬಿತ್ತು. ಓಕರಿಸುತ್ತಾ, ನಿಂತು ನಿಂತು, ಮರಗಳ ಕಡೆಗೆ ನಡೆದಳು.

ನಾನು ಏಳಲಿಲ್ಲ.